ಹಂಡೆಯ ದುಡ್ಡು, ಒಲೆಯ ದುಡ್ಡು

ದೀಪಾವಳಿ ಹತ್ತಿರವಾದಂತೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕೆಂಪಡಿಕೆ ಮಾಡುವ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಅಡಿಕೆ ಬೇಯಿಸುವ ಹಳೆಯ ಹಂಡೆಗೆ ಇನ್ನೊಮ್ಮೆ ಕಲಾಯಿ ಹಾಕಿಸುವುದೋ, ಹೊಸದನ್ನೇ ಕೊಳ್ಳುವುದೋ? ತಾಮ್ರವೋ, ಸ್ಟೀಲೋ? ಸೌದೆ ಸಾಕಾಗಿದೆ, ಕರೆಂಟಿನಲ್ಲೇ ಕಾಯಿಸಿದರೆ ಹೇಗೆ? ಈ ಅಂಕಣಕಾರರ ಮನೆಯಲ್ಲೂ ಈ ಮಾತು ನಡೆಯಿತು. ಕೊನೆಗೆ ದುಡ್ಡು ಹೋದದ್ದು ಹೊಸ ಹಂಡೆಗಲ್ಲ, ಅದರ ಕೆಳಗಿನ ಒಲೆಗೆ.

ಮೊದಲು ಅಳತೆಯ ವಿಚಾರ. ಅಜ್ಜನ ಕಾಲದ ಹಂಡೆಯನ್ನು ಕೊಂಡದ್ದು ಅಜ್ಜನ ಕಾಲದ ಫಸಲಿಗೆ. ಈ ಮೂರು ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ, ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಡಿಕೆಗೊನೆ ಕಡಿಮೆಯಾದ ಮನೆಯಲ್ಲಿ ದೊಡ್ಡ ಹಂಡೆ ಇಟ್ಟರೆ ಪ್ರತಿ ಸಲವೂ ಬೇಡದ ನೀರನ್ನು ಕಾಯಿಸಿದಂತೆ. ಒಂದು ದಿನ ಸುಲಿದ ಅಡಿಕೆ ಎರಡು ಒಬ್ಬೆಯಲ್ಲಿ, ಅಂದರೆ ಎರಡು ಸರದಿಯಲ್ಲಿ, ಬೆಂದರೆ ಸಾಕು. ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಹಂಡೆಗೆ ಅಂಚಿನವರೆಗೆ ಸುಮಾರು 130 ಲೀಟರ್ ಹಿಡಿಯುತ್ತದೆ. ಕುದಿ ಉಕ್ಕಲು ಜಾಗ ಬಿಟ್ಟರೆ 100 ಲೀಟರ್. ಸಣ್ಣ ಬೆಳೆಗಾರರಿಗೆ ಇದಕ್ಕಿಂತ ದೊಡ್ಡದು ಬೇಕಿಲ್ಲ.

ಇದೇ ಅಳತೆಯ, 2 ಮಿಲಿಮೀಟರ್ ದಪ್ಪದ ತಾಮ್ರದ ಹಂಡೆ ಸುಮಾರು 21 ಕೆ.ಜಿ. ತೂಗುತ್ತದೆ. ಬೆಲೆ ಹೆಚ್ಚು, ಕಲಾಯಿಯ ಖರ್ಚೂ ಆಗಾಗ ಬರುತ್ತದೆ. ಆದರೆ ತಾಮ್ರ ಎಷ್ಟು ಹಳತಾದರೂ ತೂಕಕ್ಕೆ ಬೆಲೆ ಬಾಳುತ್ತದೆ, ಕಷ್ಟಕ್ಕೆ ಮಾರಿದರೆ ಹಾಕಿದ್ದರಲ್ಲಿ ಒಳ್ಳೆಯ ಪಾಲು ಕೈಸೇರುತ್ತದೆ. ಸ್ಟೀಲಿಗೆ ಕಲಾಯಿಯ ಗೊಡವೆಯಿಲ್ಲ, ಗುಜರಿಯಲ್ಲಿ ತಾಮ್ರದಷ್ಟು ಬೆಲೆಯೂ ಇಲ್ಲ. ಕಬ್ಬಿಣವಂತೂ ಬೇಡವೇ ಬೇಡ: ಅಡಿಕೆ ಬೆಂದ ನೀರಾದ ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ. ಬಣ್ಣ ಕೆಟ್ಟ ಅಡಿಕೆಗೆ ಮಂಡಿಯಲ್ಲಿ ಸಿಗುವ ದರ ಎಂಥದ್ದೆಂದು ಬೆಳೆಗಾರರಿಗೆ ಹೇಳಬೇಕಿಲ್ಲ. ಮನೆಯಲ್ಲಿ ತೂತಾಗದ ತಾಮ್ರದ ಹಂಡೆಯಿದ್ದರೆ ಕಲಾಯಿ ಹಾಕಿಸಿ ಇಟ್ಟುಕೊಳ್ಳುವುದೇ ಲಾಭ. ಅಂಕಣಕಾರರ ಮನೆಯಲ್ಲಿ ಮಾಡಿದ್ದೂ ಅದನ್ನೇ.

ನಿಜವಾದ ಖರ್ಚು ಇರುವುದು ಬೆಂಕಿಯಲ್ಲಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು, ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು 8.7 ಯೂನಿಟ್‌ನಷ್ಟು ಶಾಖ ಬೇಕು. ಒಂದು ಕೆ.ಜಿ. ಒಣ ಸೌದೆಯಲ್ಲಿ ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು ಶಾಖವಿದೆ. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು ಹಂಡೆಗೆ ತಲುಪಿದರೆ 20 ಕೆ.ಜಿ. ಸೌದೆ ಉರಿಸಬೇಕು. ಕಾಲು ಪಾಲು ತಲುಪಿಸುವ ಒಲೆಯಲ್ಲಿ ಎಂಟೇ ಕೆ.ಜಿ. ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಗ್ರಾಮೀಣ ತಂತ್ರಜ್ಞಾನಕ್ಕೆಂದು ಕಟ್ಟಿದ ಅಸ್ತ್ರ ಕೇಂದ್ರ ಅಡುಗೆಮನೆಗೆ ರೂಪಿಸಿದ ಅಸ್ತ್ರ ಒಲೆಯ ಗುಟ್ಟೂ ಇದೇ: ಬೆಂಕಿಯನ್ನು ಮುಚ್ಚಿಡು, ಕೆಳಗಿನಿಂದ ಗಾಳಿ ಕೊಡು, ಹೊಗೆಗೆ ಕೊಳವೆ ಇಡು. ಹಂಡೆಯ ಸುತ್ತ ಮಣ್ಣು, ಇಟ್ಟಿಗೆ ಕಟ್ಟಿ ಜ್ವಾಲೆ ಹೊರಹೋಗದಂತೆ ಮಾಡಿದ ಮೇಲೆ ಅಂಕಣಕಾರರ ಮನೆಯ ಸೌದೆ ಕೊಟ್ಟಿಗೆ ಯುಗಾದಿಯಾದರೂ ಬರಿದಾಗುವುದಿಲ್ಲ. ಮುಚ್ಚಳವೂ ಮುಖ್ಯ. ಹತ್ತು ಲೀಟರ್ ಆವಿಯಾಗಿ ಹೋದರೆ ಆರು ಯೂನಿಟ್ ಶಾಖ ಹೋದಂತೆ. ಚೊಗರು ಆರುವ ಮುನ್ನವೇ ಎರಡನೇ ಒಬ್ಬೆ ಹಾಕಿದರೆ ಮೊದಲಿನಿಂದ ಕಾಯಿಸುವ ಖರ್ಚು ಉಳಿಯುತ್ತದೆ.

ಇನ್ನು ಕರೆಂಟು. ಅಮೆರಿಕದಲ್ಲಿ ಹವ್ಯಾಸಕ್ಕೆ ಮನೆಯಲ್ಲೇ ಬಿಯರ್ ಮಾಡುವವರು ಮೊಳಕೆ ಧಾನ್ಯವನ್ನು ಬಟ್ಟೆಚೀಲದಲ್ಲಿಟ್ಟು ವಿದ್ಯುತ್ ಪಾತ್ರೆಯ ಬಿಸಿನೀರಿನಲ್ಲಿ ಅದ್ದಿ, ಚೀಲ ತೆಗೆದ ಮೇಲೆ ಆ ರಸವನ್ನು ಕುದಿಸುತ್ತಾರೆ. 20 ಲೀಟರ್ ಬಿಯರಿಗೆ 40 ಲೀಟರಿನ ಪಾತ್ರೆ, 240 ವೋಲ್ಟಿನಲ್ಲಿ 5,500 ವಾಟ್ ಹೀಟರು. ಅವರಿಗೆ ಅದು ಸಲ್ಲುತ್ತದೆ, ಏಕೆಂದರೆ ಕಾಯಿಸುವ ನೀರು ಕಡಿಮೆ, ವೋಲ್ಟೇಜ್ ಗಟ್ಟಿ. ಮಲೆನಾಡಿನ ಲೈನಿನ ತುದಿಯ ಮನೆಯಲ್ಲಿ 230 ಇರಬೇಕಾದದ್ದು 180ಕ್ಕೆ ಇಳಿದರೆ ಹೀಟರಿನ ಶಕ್ತಿ ಶೇಕಡಾ 61ಕ್ಕೆ ಕುಸಿಯುತ್ತದೆ. ಮೂರು ತಾಸಿನಲ್ಲಿ ಕುದಿಯಬೇಕಾದ ಹಂಡೆಗೆ ಐದು ತಾಸು ಹತ್ತಿರ ಬೇಕು. ಕಾಯಿಸುವುದಕ್ಕೂ ಕುದಿಯಲ್ಲಿಡುವುದಕ್ಕೂ ಸೇರಿ ಒಬ್ಬೆಗೆ 15 ಯೂನಿಟ್ ಹಿಡಿದರೆ ಹತ್ತು ಒಬ್ಬೆಗೆ 150. ಮನೆಯ ದೀಪ, ಫ್ರಿಜ್ಜು, ಮಿಕ್ಸಿ ಸೇರಿದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿ ಸುಲಭವಾಗಿ ದಾಟುತ್ತದೆ. ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಸೌದೆ ತೋಟದಲ್ಲೇ ಇರುವವರಿಗೆ ಇದು ಎಳ್ಳಷ್ಟೂ ಗಿಟ್ಟದ ವ್ಯವಹಾರ.

ಫಸಲು ತೀರಾ ಕಡಿಮೆಯಿದ್ದರೆ ಹಂಡೆಯನ್ನೇ ಕೊಳ್ಳದೆ ಹಸಿ ಅಡಿಕೆಯನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದೋ, ನೆರೆಮನೆಯವರೊಡನೆ ಸೇರಿ ಬೇಯಿಸುವುದೋ ಒಳ್ಳೆಯದು. 40,000 ರೂಪಾಯಿಯ ಹಂಡೆ, ಒಲೆ 20 ವರ್ಷ ಬಂದರೂ ಬಡ್ಡಿ ಬಿಟ್ಟು ವರ್ಷಕ್ಕೆ 2,000 ಬೀಳುತ್ತದೆ. ನಾಲ್ಕೈದು ಒಬ್ಬೆಯಷ್ಟೇ ಬೇಯಿಸುವ ಮನೆಗೆ ಅದು ಹೆಚ್ಚಾಯಿತು.

ಹೊಸ ಹಂಡೆಯ ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಈ ಸಲದ ಮೊದಲ ಒಬ್ಬೆಗೆ ಹಾಕುವ ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. 15 ಕೆ.ಜಿ. ದಾಟಿದರೆ ಮೊದಲು ಒಲೆ ಕಟ್ಟಿಸಿ.