ಇಳ್ತ ಆದ್ ಮೇಲ್ ಹೋಪ

ಬೇಸಗೆಯ ಕೊನೆಗೆ ಉಪ್ಪುಂದಕ್ಕೆ ಬರುವ ನೆಂಟರು ಕಾಲು ತೊಳೆದು, ಬೆಲ್ಲ-ನೀರು ಕುಡಿದು, ಸ್ವಲ್ಪ ಗಾಳಿ ಹಾಕಿಕೊಂಡ ಮೇಲೆ ಕೇಳುವುದು ಒಂದೇ: ಇಲ್ಲಿ ನೋಡುವಂಥದ್ದು ಎಲ್ಲಿದೆ? ಮನೆಯವರು ಧಾರಾಳಿಗಳು, ಅಕ್ಕಪಕ್ಕದ ಊರುಗಳನ್ನೆಲ್ಲ ಕೊಟ್ಟುಬಿಡುತ್ತಾರೆ. ತೆಂಕಕ್ಕೆ ಹೋದರೆ ಮರವಂತೆ, ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಬಡಗಕ್ಕೆ ಬೈಂದೂರು ದಾಟಿದರೆ ಒತ್ತಿನೆಣೆ. ಘಟ್ಟದ ಕಡೆಗೆ ಕೊಲ್ಲೂರು, ಕೊಡಚಾದ್ರಿ. ಉಪ್ಪುಂದದ ಪಾಲಿಗೆ ಉಳಿಯುವುದು ದುರ್ಗಾಪರಮೇಶ್ವರಿ ದೇವಸ್ಥಾನ ಮತ್ತು ಮಧ್ಯಾಹ್ನದ ಊಟ.

ನಾನೂ ಹಾಗೆ ಕೇಳುತ್ತಿದ್ದವಳೇ. ಮಗಳ ಶಾಲೆಗೆ ರಜೆ ಮುಗಿಯುವ ಮೊದಲು, ಮೇ ತಿಂಗಳ ಕೊನೆಗೆ, ಪಂಚಗಂಗಾ ರೈಲಿನಲ್ಲಿ ಬೈಂದೂರಿಗೆ ಬಂದಿಳಿದು ದೊಡ್ಡಮ್ಮನ ಮನೆ ಸೇರುವುದು ನಮ್ಮ ರೂಢಿ. ಸೆಕೆ ಎಂದರೆ ಉಟ್ಟ ಬಟ್ಟೆ ಮೈಗೆ ಅಂಟುವ ಸೆಕೆ. ಕಾರು ಮಾಡಿಕೊಂಡು ಊರೂರು ತಿರುಗುವ ಉಮೇದು ನಮ್ಮಲ್ಲಿ ಯಾರಿಗೂ ಇರುವುದಿಲ್ಲ. ಹೀಗೆ ಎಲ್ಲೂ ಹೋಗದೆ ಕುಳಿತಾಗಲೇ ಗೊತ್ತಾದದ್ದು, ಇಲ್ಲಿ ಕೇಳಬೇಕಾದದ್ದು 'ಎಲ್ಲಿ' ಎಂದಲ್ಲ, 'ಯಾವಾಗ' ಎಂದು. ನೋಡುವಂಥದ್ದೆಲ್ಲ ಕೂಗಳತೆಯಲ್ಲೇ ಇದೆ. ಆದರೆ ಒಂದೊಂದಕ್ಕೂ ಅದರದೇ ಹೊತ್ತಿದೆ, ಆ ಹೊತ್ತು ಮನೆಯ ಹಿರಿಯರಿಗೆ ಗೊತ್ತಿದೆ.

ಮೊದಲನೆಯದು ಇಳಿಮಾಡಿನ ಅಡಿಯಲ್ಲಿ. ಬೇಸಗೆಯಿಡೀ ಬಿಸಿಲು ತಿಂದು ಹಿಟ್ಟಾದ ಧೂಳು ಅಲ್ಲಿ ಗೋಡೆಯ ಬುಡಕ್ಕೆ ಬಿದ್ದಿರುತ್ತದೆ. ಅದರಲ್ಲಿ ಬೆರಳು ಒತ್ತಿದಂತೆ ಸಣ್ಣ ಸಣ್ಣ ಗುಳಿಗಳು, ಅಂಚು ಚೂರೂ ಕೆಡದ ಆಲಿಕೆಗಳು. ತಳದಲ್ಲಿ ಮಣ್ಣುಬಣ್ಣದ ಒಂದು ಹುಳ ಕುಡುಗೋಲಿನಂಥ ದವಡೆ ತೆರೆದು ಹೂತು ಕುಳಿತಿರುತ್ತದೆ. ಒಣ ಧೂಳನ್ನು ಒಂದು ಮಟ್ಟಕ್ಕಿಂತ ಕಡಿದಾಗಿ ನಿಲ್ಲಿಸಲು ಬರುವುದಿಲ್ಲ. ಈ ಹುಳ ತನ್ನ ಗುಳಿಯ ಗೋಡೆಯನ್ನು ಸರಿಯಾಗಿ ಆ ಮಟ್ಟಕ್ಕೇ ತಂದಿಟ್ಟಿರುತ್ತದೆ. ಇರುವೆಯೊಂದು ಅಂಚಿಗೆ ಕಾಲಿಟ್ಟರೆ ಸಾಕು, ಅದರ ಭಾರಕ್ಕೇ ನೆಲ ಜಾರುತ್ತದೆ. ಹತ್ತಿ ಬರಲು ನೋಡಿದರೆ ಕೆಳಗಿನಿಂದ ಧೂಳಿನ ಏಟು. ನಡೆಯುವಾಗ ಈ ಹುಳ ಹಿಂದುಹಿಂದಕ್ಕೇ ನಡೆಯುತ್ತದೆ. ಇನ್ನೂ ವಿಚಿತ್ರವೆಂದರೆ, ಮರಿಯಾಗಿರುವಷ್ಟು ಕಾಲ ಮಲ ವಿಸರ್ಜಿಸುವುದೇ ಇಲ್ಲ. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಏರೋಪ್ಲೇನ್ ಚಿಟ್ಟೆಯ ಹಾಗೆ ಕಾಣುವ ರೆಕ್ಕೆಯ ಕೀಟವಾದ ಮೇಲೆಯೇ ಹೊರಹಾಕುತ್ತದೆ. ಈ ವಿಷಯ ಹೇಳಿದಂದಿನಿಂದ ನನ್ನ ಮಗಳಿಗೆ ಆ ಹುಳದ ಮೇಲೆ ವಿಶೇಷ ಗೌರವ.

ಹಿಡಿಕಡ್ಡಿಯ ತುದಿಯಿಂದ ಒಂದೆರಡು ಕಾಳು ಧೂಳು ಉದುರಿಸಿ ಅದನ್ನು ಮರುಳು ಮಾಡುವುದು ಅವಳ ಊಟದ ನಂತರದ ಕೆಲಸ. ದೊಡ್ಡಮ್ಮ ಅಂಗಳ ಗುಡಿಸುವಾಗ ಆ ಮೂಲೆ ಬಿಟ್ಟು ಗುಡಿಸುತ್ತಾರೆ. "ಮಳಿ ಬಪ್ಪುಕ್ ಮುಂಚೆ ಕಾಣ್ಕ್" ಎನ್ನುತ್ತಾರೆ. ನಿಜವೇ. ಒಂದು ಜೋರು ಮಳೆಗೆ ಎರಚಲು ಹೊಡೆದರೆ ಅಲ್ಲಿ ಉಳಿಯುವುದು ಬರೀ ಕೆಸರು.

ಕಡಲಿನದು ಬೇರೆ ಲೆಕ್ಕ. ಮಗಳಿಗೆ ಬಂದ ದಿನವೇ ಮಡಿಕಲ್ ದಂಡೆಯ ಕಡೆಗೆ ಓಡಬೇಕು, ಅದೂ ಹೊಯ್ಗೆ ಕಾದು ಅಂಗಾಲು ಸುಡುವ ಹೊತ್ತಿಗೆ. ಮನೆಯಲ್ಲೇ ಇರುವ ಮಾವ ಪಂಚಾಂಗ ತೆಗೆದು ತಿಥಿ ನೋಡಿ, "ಈಗ ಬ್ಯಾಡ, ಇಳ್ತ ಆದ್ ಮೇಲ್ ಹೋಪ" ಎಂದು ಮತ್ತೆ ಅಡ್ಡಾಗುತ್ತಾರೆ. ಅವರು ದೋಣಿಗೆ ಹೋದವರಲ್ಲ, ಅಡಿಕೆ ವ್ಯಾಪಾರಿ. ಆದರೂ ಉಬ್ಬರ-ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ನೀರು ಹೆಚ್ಚು ದೂರ ಸರಿಯುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಚಂದ್ರ ಪ್ರತಿದಿನ ಅಷ್ಟೇ ತಡವಾಗಿ ಹುಟ್ಟುವುದರಿಂದ ಕಡಲೂ ಅವನ ಹಿಂದೆ ತಡ ಮಾಡುತ್ತದೆ.

ನೀರು ಇಳಿದ ಮೇಲೆ ಹಸಿ ಹೊಯ್ಗೆಯ ಮೇಲೆ ನೋಡಬೇಕು. ಪುಟ್ಟ ತೂತೊಂದರ ಸುತ್ತ ಸಾವಿರಾರು ಮಣ್ಣಿನ ಗುಂಡುಗಳು ಸಾಲುಸಾಲಾಗಿ ಹೊರಕ್ಕೆ ಹರಡಿರುತ್ತವೆ. ಬಂದವರು ಏಡಿಯ ಮೊಟ್ಟೆ ಎಂದುಕೊಳ್ಳುವುದುಂಟು. ಅದು ಏಡಿ ಉಂಡು ಬಿಟ್ಟ ಎಂಜಲು. ಉಗುರಿನಷ್ಟೂ ಇಲ್ಲದ ಈ ಏಡಿ ಹೊಯ್ಗೆಯನ್ನು ಬಾಚಿ ಬಾಯಿಗಿಟ್ಟು, ಕಾಳಿಗೆ ಅಂಟಿದ ಪಾಚಿಯಂಥ ಸೂಕ್ಷ್ಮ ಆಹಾರವನ್ನು ತೆಗೆದುಕೊಂಡು, ಉಳಿದದ್ದನ್ನು ಉಂಡೆ ಕಟ್ಟಿ ಪಕ್ಕಕ್ಕಿಡುತ್ತದೆ. ತಿಂದ ಜಾಗವನ್ನೇ ಮತ್ತೆ ತಿನ್ನದಿರಲು ಇದು ಒಳ್ಳೆಯ ಉಪಾಯ. ಮುಂದಿನ ಉಬ್ಬರ ಎಲ್ಲವನ್ನೂ ಅಳಿಸಿಹಾಕುತ್ತದೆ, ಆಮೇಲಿನ ಇಳಿತಕ್ಕೆ ಮತ್ತೆ ಮೊದಲಿನಿಂದ ಶುರು.

ನೋಡಲು ಹೋದ ಕೂಡಲೇ ಏಡಿ ಕಾಣಿಸುವುದಿಲ್ಲ. ಹೆಜ್ಜೆಯ ಅದುರಿಗೇ ಅದು ತೂತಿನೊಳಗೆ ಇಳಿದಿರುತ್ತದೆ. ಕುಕ್ಕರುಗಾಲಲ್ಲಿ ಅಲುಗಾಡದೆ ಕೂತರೆ ಮೊದಲು ಒಂದು, ಆಮೇಲೆ ಹತ್ತು, ಕೊನೆಗೆ ಇಡೀ ದಂಡೆಯೇ ಕೆಲಸಕ್ಕೆ ಇಳಿದಂತೆ. ಮೊಬೈಲು ಹಿಡಿದು ಹಿಂದೆ ಮುಂದೆ ಓಡಾಡುವವರಿಗೆ ಗುಂಡುಗಳ ಚಿತ್ರ ಮಾತ್ರ ಸಿಗುತ್ತದೆ. ಮಕ್ಕಳಿಗೆ ಈ ಕೂರುವ ತಾಳ್ಮೆ ಇಲ್ಲ ಎನ್ನುವವರನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ತಾಳ್ಮೆ ಇಲ್ಲದವರು "ಸಾಕು, ಏಳು" ಎನ್ನುವ ನಾವು.

ಇನ್ನು ಮಿಣುಕುಹುಳ. ಒಂದೆರಡು ಗಾಳಿಮಳೆ ಬಿದ್ದಿರಬೇಕು, ಮುಂಗಾರು ಹಿಡಿದಿರಬಾರದು. ಆ ನಡುವಿನ ರಾತ್ರಿಗಳಲ್ಲಿ ತೋಡಿನ ಬದಿಯ ಮರಗಳಿಗೆ ಇವು ಬರುತ್ತವೆ. ಮರಿಯಾಗಿದ್ದಾಗ ಹಸಿ ನೆಲದಲ್ಲಿ ಬಸವನಹುಳ ತಿಂದು ತಿಂಗಳುಗಟ್ಟಲೆ ಬದುಕಿದ ಹುಳ ರೆಕ್ಕೆ ಬಂದ ಮೇಲೆ ಬಾಳುವುದು ಕೆಲವೇ ವಾರ. ಅಷ್ಟರೊಳಗೆ ಜೋಡಿ ಸಿಗಬೇಕು. ಗಂಡು ತನ್ನ ಜಾತಿಯ ತಾಳದಲ್ಲಿ ಮಿನುಗುತ್ತದೆ, ಹೆಣ್ಣು ಅದನ್ನು ಗುರುತಿಸಿ ಉತ್ತರಿಸುತ್ತದೆ. ನಮ್ಮ ಬಿಳಿ ದೀಪದ ಎದುರು ಆ ಮಾತುಕತೆ ಅವುಗಳಿಗೇ ಕಾಣಿಸುವುದಿಲ್ಲ. ನೆಂಟರ ಪೈಕಿ ಒಬ್ಬರು ಹೊಸ ಮನೆ ಕಟ್ಟಿ ಕಾಂಪೌಂಡಿನ ನಾಲ್ಕೂ ಮೂಲೆಗೆ ದೊಡ್ಡ ದೀಪ ಹಾಕಿಸಿದ್ದಾರೆ. ಅದೇ ತೋಡಿನ ಬದಿಯ ಮನೆ, ಒಂದು ಹುಳವೂ ಕಾಣದು. ದೊಡ್ಡಮ್ಮನ ಜಗುಲಿಯಲ್ಲಿ ದೀಪ ಆರಿಸುವ ಕೆಲಸವನ್ನು ಹೆಚ್ಚಾಗಿ ಮೇ ತಿಂಗಳ ಗಾಳಿಯೇ ಮಾಡಿಕೊಡುತ್ತದೆ. ತಂತಿಯ ಮೇಲೆ ಮರದ ಕೊಂಬೆ, ರಾತ್ರಿಯೆಲ್ಲ ಕರೆಂಟಿಲ್ಲ. ಬೇರೆ ಊರಿನಲ್ಲಾದರೆ ಶಾಪ ಹಾಕುತ್ತಿದ್ದೆವು.

ಮಾವಿನ ಮರದ ಕೆಂಜಿಗದ ವಿಷಯ ಬರೆಯಲು ಹೊರಟರೆ ಇನ್ನೊಂದು ಲೇಖನವಾದೀತು. ದೋಟಿ ಹಿಡಿದು ಕಾಯಿ ಇಳಿಸುವಾಗ ಕಚ್ಚಿಸಿಕೊಂಡವರಿಗೆಲ್ಲ ಅದು ಗೊತ್ತು. ಅವು ಎಲೆ ಹೊಲಿಯುವ ನೂಲು ತಮ್ಮದಲ್ಲ, ಮರಿಗಳದ್ದು. ದೊಡ್ಡ ಇರುವೆ ಮರಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಎಲೆಯಿಂದ ಎಲೆಗೆ ಆಡಿಸುತ್ತದೆ, ಮರಿ ರೇಷ್ಮೆ ಬಿಡುತ್ತದೆ. ಉರಿ ಆರಿದ ಮೇಲೆ, ಗೂಡಿನ ಎಲೆ ಹರಿದಿದ್ದರೆ ಅಲ್ಲೇ ನಿಂತು ನೋಡಬಹುದು.

ಈಗ ನಾನು ಟಿಕೆಟ್ ಮಾಡಿಸುವ ಮೊದಲು ಮಾವನಿಗೆ ಫೋನ್ ಮಾಡಿ ತಿಥಿ ಕೇಳುತ್ತೇನೆ, ಒಂದು ಮಳೆ ಬಿದ್ದಿತಾ ಎಂದೂ ಕೇಳುತ್ತೇನೆ. ಈ ಲೆಕ್ಕ 2025ರಲ್ಲಿ ತಲೆಕೆಳಗಾಯಿತು. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು. 2009ರ ಮೇಲೆ ಇಷ್ಟು ಬೇಗ ಬಂದದ್ದು ಅದೇ ಮೊದಲು. ಬೆನ್ನಿಗೇ ನಮ್ಮ ಕರಾವಳಿಯೂ ತೊಯ್ದಿತು. ನಾವು ತಲುಪುವಾಗ ಇಳಿಮಾಡಿನ ಅಡಿ ಕೆಸರು, ಕಡಲಿಗೆ ಹೋಗುವಂತಿಲ್ಲ, ತೋಡಿನ ಬದಿ ಕತ್ತಲೆ. ಮಗಳ ಮುಖ ಸಣ್ಣದಾಯಿತು.

ಮಾರನೆಯ ಬೆಳಿಗ್ಗೆ ಮಾವ ಅವಳನ್ನು ಎಬ್ಬಿಸಿ ಮನೆಯ ಹಿಂದಿನ ಗದ್ದೆಗೆ ಕರೆದುಕೊಂಡು ಹೋದರು. ನೀರು ನಿಂತ ಗದ್ದೆಯ ತುಂಬ ಗೋಂಕರು ಕಪ್ಪೆಗಳು. ಗಂಡುಗಳೆಲ್ಲ ನಿಂಬೆಹಳದಿ, ಗಂಟಲಿನ ಎರಡೂ ಬದಿ ಉಬ್ಬಿದ ನೀಲಿ ಚೀಲ. ವರ್ಷವಿಡೀ ಕೆಸರುಬಣ್ಣದಲ್ಲಿರುವ ಈ ಕಪ್ಪೆ ಮೊದಲ ದೊಡ್ಡ ಮಳೆಗೆ ಬೆದೆಗೆ ಬಂದಾಗ ಮಾತ್ರ ಹೀಗೆ ಬಣ್ಣ ಏರಿಸಿಕೊಳ್ಳುತ್ತದೆ, ಕೆಲವು ದಿನಗಳಲ್ಲಿ ಇಳಿಸುತ್ತದೆ. ಇಷ್ಟು ವರ್ಷ ನಾವು ಇದಕ್ಕಿಂತ ಮುಂಚೆಯೇ ಬೆಂಗಳೂರಿಗೆ ಮರಳಿಬಿಡುತ್ತಿದ್ದೆವು. ಮಗಳು ಕೊಡೆ ಬಿಟ್ಟು ಗದ್ದೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮನೆಯೊಳಗೆ ದೊಡ್ಡಮ್ಮ, ರಾತ್ರಿಯಿಡೀ ಅವುಗಳ ಬೊಬ್ಬೆಗೆ ಕಣ್ಣು ಮುಚ್ಚಲಾಗಲಿಲ್ಲ ಎಂದು ಕಪ್ಪೆಗಳನ್ನೂ ಮಾವನನ್ನೂ ಒಟ್ಟಿಗೆ ಬೈಯುತ್ತಿದ್ದರು.