ಅಜ್ಜಿಯ ಗಾಜಿನ ಕೆರೆ: ಹಳೆಯ ಬೆಸುಗೆ ಗಾಜನ್ನು ಗುರುತಿಸುವ, ಕೊಳ್ಳುವ, ಕಾಪಾಡುವ ಪಾಠ

ಈ ಸಲದ ಪಾಠವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀವಿ.

ನಾವು ಮೂವರು ಹೊಸ ತಿಪ್ಪಸಂದ್ರದಲ್ಲಿ ಒಂದು ಮನೆಯ ಮಹಡಿ ಮೇಲೆ ಬಾಡಿಗೆಗಿದ್ದೇವೆ. ಕೆಳಗಡೆ ಮನೆ ಮಾಲೀಕರ ತಾಯಿ ಇರ್ತಾರೆ. ನಮಗೆಲ್ಲ ಅವರು ಅಜ್ಜಿ. ಅವರ ಯಜಮಾನರು ಎಚ್‌ಎಎಲ್‌ನಲ್ಲಿದ್ದವರು. ಎಂಬತ್ತರ ದಶಕದಲ್ಲಿ ಕೆಲಸದ ಮೇಲೆ ಹೊರದೇಶಕ್ಕೆ ಹೋಗಿದ್ದಾಗ ಒಂದು ಗಾಜಿನ ತಟ್ಟೆ ತಂದಿದ್ದರಂತೆ. 25 ಸೆಂಟಿಮೀಟರ್ ಅಗಲ. ನೀಲಿ, ಹಸಿರು ಗಾಜಿನ ಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ಬೆಸೆದದ್ದು. ವರ್ಷವೆಲ್ಲ ಹಾಲಿನ ಶೋಕೇಸಿನಲ್ಲಿ ಇರುತ್ತಿತ್ತು. ನವರಾತ್ರಿಯಲ್ಲಿ ಗೊಂಬೆ ಕೂರಿಸಿದಾಗ ಮಾತ್ರ ಹೊರಗೆ ಬಂದು, ಮುಂದಿನ ಪಾರ್ಕಿನಲ್ಲಿ ಕೆರೆ ಆಗುತ್ತಿತ್ತು. ಸುತ್ತ ರಾಗಿ ಪೈರು, ಮೇಲೆ ಎರಡು ಪ್ಲಾಸ್ಟಿಕ್ ಬಾತುಕೋಳಿ.

ಈ ವರ್ಷ ಮನೆಯನ್ನು ಬಿಲ್ಡರ್‌ಗೆ ಕೊಡೋದು ಅಂತ ತೀರ್ಮಾನ ಆಯ್ತು. ದಸರಾ ಮುಗಿದ ಮೇಲೆ ಖಾಲಿ ಮಾಡಬೇಕು. ಶೋಕೇಸು ಖಾಲಿ ಮಾಡೋಕೆ ನಾವು ಸಹಾಯಕ್ಕೆ ಹೋದೆವು. ತಟ್ಟೆ ನಮ್ಮ ಕೈಯಿಂದಲೇ ಜಾರಿ ಎರಡು ಹೋಳಾಯಿತು. ಅಜ್ಜಿ ಬೈಯಲಿಲ್ಲ. ನಾವೇ ಜಂಬದಲ್ಲಿ, "ಯೋಚ್ನೆ ಮಾಡ್ಬೇಡಿ ಅಜ್ಜೀ, ನಾವು ಎಂಜಿನಿಯರಿಂಗ್ ಓದೋರು, ಬೆಸೆದು ಕೊಡ್ತೀವಿ" ಅಂದೆವು.

ಕಾಲೇಜಿನ ಮಟೀರಿಯಲ್ಸ್ ಲ್ಯಾಬಿನಲ್ಲಿ ಮಫಲ್ ಫರ್ನೇಸ್ ಇದೆ. ಹೋಳುಗಳಿಗೆ ಆಧಾರವಾಗಿರಲಿ ಅಂತ ಅಂಗಡಿಯಿಂದ ಕಿಟಕಿ ಗಾಜಿನ ತುಂಡೊಂದನ್ನು ತಂದು ಅಡಿಗೆ ಇಟ್ಟೆವು. 800 ಡಿಗ್ರಿಗೆ ಏರಿಸಿದೆವು. ಸಂಜೆ 5ಕ್ಕೆ ಲ್ಯಾಬ್ ಮುಚ್ತಾರೆ ಅಂತ ಸ್ವಿಚ್ ಆಫ್ ಮಾಡಿ ಬಂದೆವು. ಮಾರನೇ ದಿನ ನೋಡಿದರೆ ಸೊಗಸಾಗಿ ಕೂಡಿಕೊಂಡಿತ್ತು! ಗೆರೆಯೂ ಕಾಣದು. ಅಜ್ಜಿಗೆ ಕೊಟ್ಟೆವು, ಕಾಫಿ ಕುಡಿದೆವು. ಮೂರನೇ ರಾತ್ರಿ, ಯಾರೂ ಮುಟ್ಟದೇ ಇದ್ದಾಗ, ಶೋಕೇಸಿನೊಳಗಿಂದ 'ಟಿಕ್' ಅಂತ ಸದ್ದು ಬಂತಂತೆ. ಎರಡು ಹೋಳಾಗಿದ್ದದ್ದು ಈಗ ಐದಾಗಿತ್ತು.

ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೀತಿದ್ದೇವೆ. ಹಳೆಯ ಗಾಜು ಕೂಡಿಡುವ ಆಸೆ ಇರೋರಿಗೆ, ಮನೆಯಲ್ಲಿ ಇಂಥ ಒಂದು ತಟ್ಟೆ ಇರೋರಿಗೆ ಉಪಯೋಗ ಆದೀತು.

1. ಬೆಸುಗೆ ಗಾಜು ಅಂದರೇನು?

ಗಾಜಿನ ತುಂಡುಗಳನ್ನು ತಣ್ಣಗಿರುವಾಗಲೇ ಜೋಡಿಸಿ, ಆಮೇಲೆ ಫರ್ನೇಸಿನಲ್ಲಿ ಒಂದಾಗುವಷ್ಟು ಬಿಸಿ ಮಾಡಿದರೆ ಅದು ಬೆಸುಗೆ ಗಾಜು, ಅಂದರೆ ಫ್ಯೂಸ್ಡ್ ಗ್ಲಾಸ್. ಸುಮಾರು 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಡುಗಳು ಅಂಟಿಕೊಳ್ಳುತ್ತವೆ, ಆದರೆ ಉಬ್ಬು ಉಳಿಯುತ್ತದೆ. 800ರ ಆಸುಪಾಸಿನಲ್ಲಿ ಪೂರ್ತಿ ಸಮತಟ್ಟಾಗುತ್ತವೆ. ಆ ಹಾಳೆಯನ್ನು ಅಚ್ಚಿನ ಮೇಲಿಟ್ಟು ಮತ್ತೆ 650ರ ಹತ್ತಿರ ಕಾಯಿಸಿದರೆ ತನ್ನ ಭಾರಕ್ಕೆ ತಾನೇ ಬಾಗಿ ತಟ್ಟೆಯೋ ಬಟ್ಟಲೋ ಆಗುತ್ತದೆ.

ಇದು ಊದುವ ಗಾಜಿಗಿಂತ ಹಳೆಯ ವಿದ್ಯೆ. ಕೊಳವೆಯಿಂದ ಗಾಜು ಊದುವುದು ಶುರುವಾದದ್ದು ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ. ಅದಕ್ಕೂ ಮೊದಲೇ ಮೆಡಿಟರೇನಿಯನ್ ಸುತ್ತಲಿನ ಕುಶಲಕರ್ಮಿಗಳು ಬಣ್ಣದ ಗಾಜಿನ ಚೂರುಗಳನ್ನು ಬೆಸೆದು ಬಟ್ಟಲು ಮಾಡುತ್ತಿದ್ದರು. ಊದುವುದು ಅಗ್ಗವಾದ ಮೇಲೆ ಇದು ಮೂಲೆಗೆ ಸರಿಯಿತು. ಮತ್ತೆ ಮನೆಮನೆಗೆ ಬಂದದ್ದು 20ನೇ ಶತಮಾನದಲ್ಲಿ. ಷಿಕಾಗೋದಲ್ಲಿ ಮೈಕೆಲ್ ಮತ್ತು ಫ್ರಾನ್ಸಿಸ್ ಹಿಗ್ಗಿನ್ಸ್ ದಂಪತಿ 1948ರಲ್ಲಿ ಸ್ಟುಡಿಯೋ ತೆರೆದು, ಎರಡು ಗಾಜಿನ ಹಾಳೆಗಳ ನಡುವೆ ಎನಾಮೆಲ್ ಬಣ್ಣ ಸೇರಿಸಿ ಬೆಸೆದ ತಟ್ಟೆಗಳನ್ನು ಮಾಡಿದರು. ಇವತ್ತು ಸಂಗ್ರಹಕಾರರು ಹುಡುಕಾಡುವ ಹೆಸರುಗಳಲ್ಲಿ ಅದೂ ಒಂದು.

ಇದನ್ನು ಚರ್ಚಿನ ಬಣ್ಣದ ಕಿಟಕಿ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಕಿಟಕಿಗಳನ್ನೋ, ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಚಾವಣಿಯನ್ನೋ ನೋಡಿರ್ತೀರಿ. ಅಲ್ಲಿ ಗಾಜಿನ ತುಂಡುಗಳನ್ನು ಲೋಹದ ಪಟ್ಟಿ ಹಿಡಿದಿರುತ್ತದೆ. ಒಂದೊಂದು ತುಂಡೂ ತನ್ನ ಪಾಡಿಗೆ ತಾನು ಹಿಗ್ಗಿ ಕುಗ್ಗಲು ಜಾಗ ಇರುತ್ತದೆ. ಬೆಸುಗೆ ಗಾಜಿನಲ್ಲಿ ಆ ಜಾಗವೇ ಇಲ್ಲ. ನಮ್ಮ ತಪ್ಪಿನ ಮೂಲ ಇಲ್ಲೇ ಇದೆ.

2. ಮೂರು ದಿನ ಬಿಟ್ಟು ಯಾಕೆ ಒಡೆಯಿತು?

ಮೊದಲನೇ ಸೆಮಿಸ್ಟರಿನ ಲೆಕ್ಕ ಇದು. ಬೆಸೆಯುವುದಕ್ಕೆಂದೇ ತಯಾರಾಗುವ ಗಾಜಿನ ಮೇಲೆ 90 ಅಥವಾ 96 ಅಂತ ಸಂಖ್ಯೆ ಇರುತ್ತದೆ. 96 ಅಂದರೆ, 1 ಮೀಟರ್ ಉದ್ದದ ಗಾಜು 1 ಡಿಗ್ರಿ ಬಿಸಿಯಾದರೆ 9.6 ಮೈಕ್ರೋಮೀಟರ್ ಹಿಗ್ಗುತ್ತದೆ ಎಂದರ್ಥ. ಮಾಮೂಲಿ ಕಿಟಕಿ ಗಾಜು ಇದಕ್ಕಿಂತ ಸ್ವಲ್ಪ ಕಡಿಮೆ ಹಿಗ್ಗುತ್ತದೆ.

ವ್ಯತ್ಯಾಸ ಬರೀ 1 ಮೈಕ್ರೋಮೀಟರ್ ಅಂತಿಟ್ಟುಕೊಳ್ಳಿ. ಗಾಜು ಸುಮಾರು 500 ಡಿಗ್ರಿಗಿಂತ ಕೆಳಗಿಳಿದರೆ ಹರಿದು ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿಂದ ಕೋಣೆಯ 25 ಡಿಗ್ರಿಗೆ ಬರುವಷ್ಟರಲ್ಲಿ 475 ಡಿಗ್ರಿ ಇಳಿಯಬೇಕು. ಅಂದರೆ 1 ಮೀಟರಿಗೆ 475 ಮೈಕ್ರೋಮೀಟರ್ ಜಗಳ. ಗಾಜಿನ ಯಂಗ್ಸ್ ಮಾಡ್ಯುಲಸ್ ಸುಮಾರು 70,000 ಮೆಗಾಪ್ಯಾಸ್ಕಲ್. ಗುಣಿಸಿ: 70,000 × 0.000475, ಸುಮಾರು 33 ಮೆಗಾಪ್ಯಾಸ್ಕಲ್. ಎರಡು ಪದರಗಳು ಹಂಚಿಕೊಳ್ಳುವುದರಿಂದ ನಿಜವಾದ ಒತ್ತಡ ಇದಕ್ಕಿಂತ ಕಡಿಮೆ. ಆದರೆ ಗೀರು ಬಿದ್ದ ಹಳೆಯ ಗಾಜಿಗೆ ಅಷ್ಟೂ ಹೆಚ್ಚೇ. ಅದರ ಮೇಲೆ ಗಾಳಿಯಲ್ಲಿರುವ ತೇವ ಬಿರುಕಿನ ತುದಿಯಲ್ಲಿ ಗಾಜಿನ ಬಂಧಗಳನ್ನು ನಿಧಾನವಾಗಿ ಬಿಡಿಸುತ್ತಾ ಹೋಗುತ್ತದೆ. ಬಿರುಕು ಕಣ್ಣಿಗೆ ಕಾಣದ ಹಾಗೆ ಬೆಳೆದು, ಒಂದು ಹಂತ ದಾಟಿದ ಕೂಡಲೇ 'ಟಿಕ್'. ಅದಕ್ಕೇ ಮೂರು ದಿನ ಬೇಕಾಯಿತು.

ಎರಡನೇ ತಪ್ಪು, 5 ಗಂಟೆಗೆ ಸ್ವಿಚ್ ಆಫ್ ಮಾಡಿದ್ದು. ಗಾಜನ್ನು 480ರಿಂದ 520 ಡಿಗ್ರಿ ಸುಮಾರಿನಲ್ಲಿ ನಿಲ್ಲಿಸಿ, ಒಳಗೂ ಹೊರಗೂ ಒಂದೇ ಬಿಸಿ ಆಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಇಳಿಸಬೇಕು. ಇದೇ ಅನೀಲಿಂಗ್. ದಪ್ಪ ಎರಡರಷ್ಟಾದರೆ ಬೇಕಾಗುವ ಸಮಯ ಹೆಚ್ಚುಕಡಿಮೆ ನಾಲ್ಕರಷ್ಟು. ಅಮೆರಿಕದ ಪಾಲೊಮಾರ್ ದೂರದರ್ಶಕಕ್ಕಾಗಿ 1934ರಲ್ಲಿ ಎರಕ ಹೊಯ್ದ 200 ಅಂಗುಲದ ಗಾಜಿನ ಬಿಲ್ಲೆಯನ್ನು ತಣಿಸಲು ಸುಮಾರು 10 ತಿಂಗಳು ತೆಗೆದುಕೊಂಡರು. ನಮಗೆ ಒಂದು ರಾತ್ರಿ ಕಾಯುವ ತಾಳ್ಮೆ ಇರಲಿಲ್ಲ.

ಈ ಪಾಠದ ಸಾರ ಇಷ್ಟೇ: ಗಾಜು ತಾನು ಹೇಗೆ ತಣಿದೆ ಅನ್ನೋದನ್ನು ಮರೆಯೋದಿಲ್ಲ. ಹಳೆಯ ತಟ್ಟೆಯೊಂದು 40 ವರ್ಷ ಉಳಿದಿದ್ದರೆ, ಅದನ್ನು ಮಾಡಿದವರು ಸರಿಯಾಗಿ ಕಾದಿದ್ದಾರೆ ಅಂತ ಅರ್ಥ. ಅದನ್ನು ಮತ್ತೆ ಕಾಯಿಸಿದರೆ ಅವರ ಆ ಕೆಲಸವನ್ನೆಲ್ಲ ಅಳಿಸಿದ ಹಾಗೆ.

3. ಒಳಗಿನ ಒತ್ತಡವನ್ನು ಲ್ಯಾಪ್‌ಟಾಪಿನಲ್ಲೇ ನೋಡಿ

ಚೂರುಗಳನ್ನು ತಗೊಂಡು ಹೋಗಿ ಮೆಕ್ಯಾನಿಕಲ್ ವಿಭಾಗದ ಸರ್‌ಗೆ ತೋರಿಸಿದೆವು. ಅವರು ಮಾತಾಡದೆ ಪೋಲರಿಸ್ಕೋಪಿನಲ್ಲಿ ಇಟ್ಟರು. ನಾವು ಬೆಸೆದ ಗೆರೆಯ ಉದ್ದಕ್ಕೂ ಬೆಳಕು ಉರಿಯುತ್ತಿತ್ತು. "ಇದನ್ನ ಮೊದ್ಲೇ ನೋಡಿದ್ರೆ ಅಜ್ಜಿ ಕೈಗೆ ಕೊಡ್ತಿದ್ರೇನಪ್ಪಾ?" ಅಂದರು.

ಒತ್ತಡದಲ್ಲಿರುವ ಗಾಜು ಧ್ರುವೀಕೃತ ಬೆಳಕನ್ನು ತಿರುಚುತ್ತದೆ ಅಂತ ಡೇವಿಡ್ ಬ್ರೂಸ್ಟರ್ ಕಂಡುಕೊಂಡು 200 ವರ್ಷ ದಾಟಿದೆ. ಮನೆಯಲ್ಲೇ ಮಾಡುವ ವಿಧಾನ ಹೀಗಿದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಪೂರ್ತಿ ಬಿಳಿ ಮಾಡಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನೋ, ಹಾಳಾದ ಎಲ್‌ಸಿಡಿಯಿಂದ ಬಿಡಿಸಿದ ಫಿಲ್ಮನ್ನೋ ಕಣ್ಣಿಗೆ ಹಿಡಿದು, ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಗಾಜನ್ನು ನಡುವೆ ಹಿಡಿಯಿರಿ. ಚೆನ್ನಾಗಿ ತಣಿದ ಗಾಜು ಕಪ್ಪಾಗೇ ಇರುತ್ತದೆ. ಒತ್ತಡ ಇರುವ ಕಡೆ ಬೆಳಕು ನುಗ್ಗುತ್ತದೆ. ಕಾಮನಬಿಲ್ಲಿನ ಬಣ್ಣವೇ ಕಾಣಬೇಕು ಅಂತ ಕಾಯಬೇಡಿ. 6 ಮಿಲಿಮೀಟರ್ ದಪ್ಪದ ತಟ್ಟೆಯಲ್ಲಿ ಮಂಕಾದ ಬೂದು ಬಿಳಿ ಕಂಡರೂ ಅದು ಎಚ್ಚರಿಕೆಯೇ. ಗಾಢ ಬಣ್ಣದ, ಬೆಳಕು ತೂರದ ಗಾಜಿಗೆ ಮಾತ್ರ ಈ ಪರೀಕ್ಷೆ ಆಗಿಬರೋದಿಲ್ಲ.

4. ಕೊಳ್ಳುವ ಮುಂಚೆ

ಬೆಂಗಳೂರಿನಲ್ಲಿ ಹಳೆಯ ಗಾಜು ಕಣ್ಣಿಗೆ ಬೀಳುವುದು ಭಾನುವಾರದ ಸಂಡೆ ಬಜಾರಿನಲ್ಲಿ, ಗುಜರಿ ಅಂಗಡಿಗಳಲ್ಲಿ, ಕೆಡವಿದ ಮನೆಗಳ ಸಾಮಾನು ಮಾರುವವರ ಹತ್ತಿರ. ಹೋಗುವಾಗ ಸಣ್ಣ ಟಾರ್ಚು, ಹತ್ತಿಬಟ್ಟೆ ಒಯ್ಯಿರಿ. ಇವನ್ನು ನೋಡಿ:

ಬೆನ್ನು ನೋಡಿ. ಬೆಸುಗೆ ಗಾಜಿನ ಮೇಲ್ಭಾಗ ನುಣುಪು, ಫರ್ನೇಸಿನ ಹಲಗೆಗೋ ಅಚ್ಚಿಗೋ ತಾಗಿದ ಅಡಿಭಾಗ ಸ್ವಲ್ಪ ಮಂಕು. ಅಂಚು ದುಂಡಗೆ. ಅಡಿಯ ನಡುವೆ ಮುರಿದ ಗುರುತಿದ್ದರೆ ಊದಿದ್ದು. ನೇರವಾದ ಅಚ್ಚಿನ ಗೆರೆ ಇದ್ದರೆ ಒತ್ತಿ ಮಾಡಿದ್ದು.

ದಪ್ಪ ನೋಡಿ. ಕರಗಿದ ಗಾಜನ್ನು ತಡೆಯಿಲ್ಲದೆ ಬಿಟ್ಟರೆ, ಮೇಲ್ಮೈ ಎಳೆತ ಮತ್ತು ಗುರುತ್ವದ ಹಗ್ಗಜಗ್ಗಾಟದಲ್ಲಿ ಸುಮಾರು 6 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಬಹಳಷ್ಟು ಬೆಸುಗೆ ತಟ್ಟೆಗಳು ಅದೇ ದಪ್ಪ.

ಬಿರುಕು ನೋಡಿ. ಟಾರ್ಚನ್ನು ಅಂಚಿನಿಂದ ಹಾಯಿಸಿದರೆ ಗುಳ್ಳೆ ಚುಕ್ಕೆಯಾಗಿ ಕಾಣುತ್ತದೆ, ಬಿರುಕು ಕನ್ನಡಿಯಂತೆ ಮಿಂಚುತ್ತದೆ. ಗುಳ್ಳೆ ದೋಷವಲ್ಲ. ಬಿರುಕಿದ್ದರೆ ಬೇಡ.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಇದ್ದರೆ ಹಾಕಿ ನೋಡಿ. ಕಣ್ಣು ಕುಕ್ಕುವ ಹಸಿರು ಬಂದರೆ ಅದು ಬಹುಪಾಲು ಯುರೇನಿಯಂ ಸೇರಿಸಿದ ಹಳೆಯ ಗಾಜು. ಮಂದವಾದ ಹಸಿರು ಮ್ಯಾಂಗನೀಸಿನಿಂದಲೂ ಬರಬಹುದು. ಶೋಕೇಸಿನಲ್ಲಿಡಲು ತೊಂದರೆಯಿಲ್ಲ, ಕೊರೆಯಬೇಡಿ, ಉಜ್ಜಬೇಡಿ, ಅದರಲ್ಲಿ ತಿನ್ನಬೇಡಿ.

ಕಾನೂನೂ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾಕೃತಿ ಪುರಾವಸ್ತು. ಕಟ್ಟಡದಿಂದ ಕಿತ್ತ ವಸ್ತುವೂ ಅದರಲ್ಲಿ ಸೇರುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ವಿದೇಶದಲ್ಲಿರುವ ಅಕ್ಕನಿಗೆ ಪಾರ್ಸೆಲ್ ಮಾಡುವಂತಿಲ್ಲ.

5. ಮನೆಗೆ ತಂದ ಮೇಲೆ

ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಸ್ಕ್ರಬ್ಬರ್ ಮುಟ್ಟಿಸಬೇಡಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಕೂಡಲೇ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಹಳೆಯ ಕೆಂಪು, ಕಿತ್ತಳೆ, ಹಳದಿ ಗಾಜಿನಲ್ಲಿ ಕ್ಯಾಡ್ಮಿಯಂ, ಬಣ್ಣದ ಎನಾಮೆಲಿನಲ್ಲಿ ಸೀಸ ಇರಬಹುದು. ಆದ್ದರಿಂದ ಉಪ್ಪಿನಕಾಯಿ, ನಿಂಬೆಹಣ್ಣಿನ ಚಿತ್ರಾನ್ನ, ಹುಳಿ ಪದಾರ್ಥ ಯಾವುದನ್ನೂ ಅದರಲ್ಲಿ ಬಡಿಸಬೇಡಿ. ಬಿಸಿ ಪಾತ್ರೆ ಇಡಬೇಡಿ.

ಮುಚ್ಚಿದ ತೇವದ ಕಪಾಟಿನಲ್ಲಿ ಗಾಜಿಗೂ ರೋಗ ಬರುತ್ತದೆ. ನೀರು ಗಾಜಿನೊಳಗಿನ ಕ್ಷಾರವನ್ನು ಸೆಳೆದುಕೊಂಡು, ಮೇಲ್ಮೈಯನ್ನು ತೆಳುವಾದ ಪದರಪದರವಾಗಿ ಬಿಡಿಸುತ್ತದೆ. ಆ ಪದರಗಳಲ್ಲಿ ಬೆಳಕು ಬೆರೆತು ನವಿಲುಗರಿಯಂಥ ಬಣ್ಣ ಕಾಣುತ್ತದೆ. ನಮ್ಮ ಪಕ್ಕದ ಬಡಾವಣೆಗೆ ಯಾರ ಹೆಸರಿಟ್ಟಿದ್ದಾರೋ ಆ ಸಿ.ವಿ. ರಾಮನ್, ಬೆಂಗಳೂರಿನಲ್ಲಿದ್ದಾಗ 1940ರಲ್ಲಿ, ಹೀಗೆ ಶಿಥಿಲವಾದ ಪ್ರಾಚೀನ ಗಾಜಿನ ಬಣ್ಣಗಳ ಬಗ್ಗೆ ಪ್ರಬಂಧವನ್ನೇ ಬರೆದಿದ್ದಾರೆ. ಅವರು ಕೂಡಿಟ್ಟ ಹರಳು, ಖನಿಜ, ಚಿಟ್ಟೆಗಳ ಸಂಗ್ರಹ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದೆ. ಕೂಡಿಡುವುದು ಅಂದರೆ ಕೊಂಡು ತಂದು ಕಪಾಟು ತುಂಬಿಸೋದಷ್ಟೇ ಅಲ್ಲ, ಒಂದೊಂದನ್ನೂ ಕೂತು ನೋಡೋದು ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಿಲ್ಲ.

ಕೊನೆಯದಾಗಿ, ಒಡೆದರೆ ಏನು ಮಾಡಬೇಕು? ಎಲ್ಲ ಚೂರನ್ನೂ ಎತ್ತಿಡಿ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಅಂಚುಗಳು ಉಜ್ಜಿಕೊಂಡರೆ ಆಮೇಲೆ ಕೂಡೋದಿಲ್ಲ. ಅನುಭವ ಇರುವವರ ಕೈಯಲ್ಲಿ ತಿಳಿ ಎಪಾಕ್ಸಿಯಿಂದ ತಣ್ಣಗೇ ಅಂಟಿಸಿ. ಗೆರೆ ಕಾಣುತ್ತದೆ, ಕಾಣಲಿ ಬಿಡಿ. ಫರ್ನೇಸು ಮಾತ್ರ ಬೇಡ. ಬೆಸುಗೆ ಕಲಿಯಲೇಬೇಕು ಅಂತಿದ್ದರೆ ಒಂದೇ ಹಾಳೆಯಿಂದ ಕತ್ತರಿಸಿದ ಕಿಟಕಿ ಗಾಜಿನ ತುಂಡುಗಳ ಮೇಲೆ ಕಲಿಯಿರಿ. ಇನ್ನೊಬ್ಬರ ಮನೆಯ ತಟ್ಟೆ ಮೇಲೆ ಬೇಡ.

ಈ ನವರಾತ್ರಿ ಆ ಮನೆಯ ಕೊನೇ ಗೊಂಬೆ. ಕ್ಷಮೆ ಕೇಳೋಕೆ ಅಂತ ಕೆಳಗೆ ಹೋದರೆ ಅಜ್ಜಿ ಆಗಲೇ ಪಾರ್ಕು ಸಿದ್ಧ ಮಾಡಿದ್ದರು. ಐದೂ ಚೂರುಗಳನ್ನು ಮಣ್ಣಿನ ಮೇಲೆ ಹತ್ತಿರ ಹತ್ತಿರ ಇಟ್ಟು, ನಡುವಿನ ಸಂದಿಗಳಲ್ಲಿ ರಾಗಿ ಚೆಲ್ಲಿದ್ದರು. ಪೈರು ಬೆರಳುದ್ದ ಬಂದಿತ್ತು. "ಏನ್ರೋ, ಒಂದ್ ಕೆರೆ ಇತ್ತು, ಈಗ ಐದಾಯ್ತು. ಬಾತುಕೋಳಿ ಸಾಲಲ್ಲ, ಮೂರು ತಗೊಂಬನ್ನಿ" ಅಂದರು.

ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಹೋಗಿ ತಂದುಕೊಟ್ಟೆವು. ಗೊಂಬೆ ಎತ್ತಿದ ಮೇಲೆ ಚೂರುಗಳನ್ನು ತೊಳೆದು, ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಡಬ್ಬದ ಮೇಲೆ 'ಕೆರೆ' ಅಂತ ಬರೆದುಕೊಟ್ಟಿದ್ದೇವೆ. ಹೊಸ ಮನೆಗೆ ಆ ಡಬ್ಬವನ್ನು ಅಜ್ಜಿ ತಮ್ಮ ಮಡಿಲಲ್ಲೇ ಇಟ್ಟುಕೊಂಡು ಹೋಗ್ತಾರಂತೆ.