ಎದೆಗೂಡಿಗೆ ಬಂಗುಡೆ, ಅಗಸೆ

ತಿಂದ ಕೊಬ್ಬು ರಕ್ತನಾಳದಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಅರ್ಧ ಮಾತು. ಅದು ಹೃದಯದ ಜೀವಕೋಶಗಳ ಪೊರೆಯಲ್ಲೂ ಸೇರಿಕೊಳ್ಳುತ್ತದೆ. ರಕ್ತದ ಹರಿವು ತಗ್ಗಿ ಆಮ್ಲಜನಕ ಸಾಲದಾದಾಗ ಜೀವಕೋಶದೊಳಗೆ ಕ್ಯಾಲ್ಸಿಯಂ ಮಿತಿಮೀರಿ ತುಂಬಿ, ಬಡಿತದ ಲಯ ತಪ್ಪಬಹುದು. ಹಠಾತ್ ಸಾವಿನ ಭಯ ಇರುವುದು ಇಲ್ಲೇ. ಮೀನೆಣ್ಣೆಯ ಒಮೆಗಾ-3 ಎಂಬ ಕೊಬ್ಬು ಪೊರೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂ ನುಗ್ಗುವ ದಾರಿಗಳನ್ನು ತುಸು ಬಿಗಿ ಮಾಡುವುದು ಇಲಿಗಳ ಹೃದಯಕೋಶಗಳಲ್ಲಿ ಕಂಡಿದೆ.

ಮನುಷ್ಯರಲ್ಲಿ? ಹೃದಯಾಘಾತವಾಗಿದ್ದ 2,033 ಗಂಡಸರ ಬ್ರಿಟಿಷ್ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಸಲ ಕೊಬ್ಬಿರುವ ಮೀನು ತಿನ್ನಲು ಸಲಹೆ ಪಡೆದವರಲ್ಲಿ ಎರಡು ವರ್ಷದೊಳಗಿನ ಸಾವು ಶೇ. 29ರಷ್ಟು ಕಡಿಮೆಯಿತ್ತು. ಆಮೇಲಿನ ಅಧ್ಯಯನಗಳೆಲ್ಲ ಇಷ್ಟು ಉದಾರವಾಗಿಲ್ಲ, ಬಿಡಿ.

ಆದರೂ ಬಂಗುಡೆ, ಬೂತಾಯಿ ಸಿಕ್ಕರೆ ತಿನ್ನಿ. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಪುಳಿಮುಂಚಿ ಮೇಲು. ಮೀನೆಣ್ಣೆಯ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ. ಪ್ರಮಾಣ ಹೆಚ್ಚಾದರೆ ಅದೇ ಎದೆಬಡಿತ ಏರುಪೇರಾಗುವ ಅಪಾಯವಿದೆ.

ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ ಇದೆ. ಅದರ ಒಮೆಗಾ-3 ಬೇರೆ ಬಗೆಯದು. ಮೀನಿನಲ್ಲಿರುವ ಬಗೆಗೆ ದೇಹ ಅದನ್ನು ಬದಲಿಸುವುದು ಅಲ್ಪಸ್ವಲ್ಪವೇ. ಇಡೀ ಬೀಜ ನುಂಗಿದರೆ ಹಾಗೇ ಹೊರಹೋಗುತ್ತದೆ, ಪುಡಿ ಮಾಡಿಯೇ ತಿನ್ನಿ. ಒಮ್ಮೆಗೇ ಡಬ್ಬಿ ತುಂಬಬೇಡಿ, ಬೇಗ ಕಮಟು ಹಿಡಿಯುತ್ತದೆ.